ಗೊಟ್ಟಿಗೆರೆಯ ಇಪ್ಪತ್ತು ಮೀಟರ್ ಗುಡ್ಡ

ಬೆಂಗಳೂರಿನ ದಕ್ಷಿಣಕ್ಕಿರುವ ನೆಲದ ಏರುತಗ್ಗೆಲ್ಲ ಅನಂತಪದ್ಮನಾಭರಿಗೆ ಬಾಯಿಪಾಠವಾಗಿತ್ತು. ಜಯನಗರದ ತಮ್ಮ ಮನೆಯ ಎರಡು ಮೆಟ್ಟಿಲುಗಳಲ್ಲಿ ಮಾತ್ರ ವಾರಕ್ಕೊಮ್ಮೆ ಎಡವುತ್ತಿದ್ದರು. "ಊರಿನ ಗುಡ್ಡ ಎಲ್ಲಾ ಅಳೀತೀರಿ, ಇದೊಂದು ಕಾಣ್ಸಲ್ಲ," ಎನ್ನುತ್ತ ಹೆಂಡತಿ ವಿಮಲಾ ಗಾಯಕ್ಕೆ ಅರಿಸಿನ ಹಚ್ಚುತ್ತಿದ್ದರು. ಅಳೆಯುವುದು ಎಂಬ ಮಾತೂ ಸ್ವಲ್ಪ ಹೆಚ್ಚೇ ಎಂದು ಅನಂತಪದ್ಮನಾಭರಿಗೇ ಗೊತ್ತಿತ್ತು. ಜೀವಮಾನದಲ್ಲಿ ಅವರು ಹತ್ತಿದ್ದು ಲಾಲ್‌ಬಾಗಿನ ಬಂಡೆಯೊಂದನ್ನೇ, ಅದೂ ಮದುವೆಯಾದ ಹೊಸತರಲ್ಲಿ.

ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ನಕ್ಷೆ ಬರೆದು ನಿವೃತ್ತರಾದ ಮೇಲೆ, ೧೯೮೬ರಲ್ಲಿ, ರಾಮಪ್ರಸಾದನೆಂಬ ತರುಣ ಜಯನಗರದ ನಾಲ್ಕನೇ ಬ್ಲಾಕಿನಲ್ಲಿ ತೆರೆದ ಕಂಪನಿಗೆ ಸೇರಿದರು. ಅಲ್ಲಿ ನೆಲದ ಎತ್ತರವನ್ನು ಅಂಕಿಗಳಾಗಿ ಮಾಡಿ ಕಂಪ್ಯೂಟರಿಗೆ ಉಣಿಸುತ್ತಿದ್ದರು. ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಕಂದು ಗೆರೆಗಳಿರುತ್ತವೆ. ಗೆರೆ ಸುತ್ತಿಕೊಂಡು ಬಂದು ಕೂಡಿದರೆ ಸಾಮಾನ್ಯವಾಗಿ ಅದು ಗುಡ್ಡ. ಅದರ ಮೇಲೆ ಚೌಕುಳಿ ಗೆರೆಯ ಪಾರದರ್ಶಕ ಹಾಳೆ ಹಾಸಿ, ಚುಕ್ಕಿಚುಕ್ಕಿಗೂ ಎತ್ತರ ಬರೆಯುವುದು ಅನಂತಪದ್ಮನಾಭರ ಕೆಲಸ. ಅದನ್ನು ಕಂಪ್ಯೂಟರಿನಲ್ಲಿ ಒತ್ತುವುದು ಯಲ್ಲಮ್ಮನೆಂಬ ಹುಡುಗಿಯ ಕೆಲಸ. ಅಂಕಿ ತುಂಬಿದ ಕಂಪ್ಯೂಟರ್ ಟೇಪನ್ನು ಬಳಸಲು, ಬೇಕಾದವರಿಗೆ ಕಂಪನಿ ಲೈಸೆನ್ಸ್ ಕೊಡುತ್ತಿತ್ತು.

ಅವರು ಬರೆದದ್ದರಲ್ಲಿ ತಪ್ಪಿರುವುದಿಲ್ಲ ಎಂದು ಎಲ್ಲರೂ ನಂಬಿದ್ದರು. ಆ ನಂಬಿಕೆಯನ್ನು ಹರಡಿದವರು ಅವರೇ. ಮೇಜಿನ ಮೇಲೆ ಬೇಕೆಂದೇ ರಬ್ಬರ್ ಇಡದೆ, ಯಾಕಿಲ್ಲ ಎಂದು ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದರು. ಮುಂದಿನ ತಿಂಗಳಿನಿಂದ ಅವರನ್ನು ಮುಖ್ಯ ಪರಿಶೀಲಕರನ್ನಾಗಿ ಮಾಡುವುದೆಂದು ಮಾತಾಗಿತ್ತು. ಅದಕ್ಕಾಗಿ ಹೊಸ ಪೆನ್ನನ್ನೂ ಕೊಂಡಿದ್ದರು.

ಒಂದು ಬೆಳಗ್ಗೆ ಗುರುಬಸಪ್ಪ ಎಂಬ ಎಂಜಿನಿಯರ್ ಬೂಟಿನ ತುಂಬ ಕೆಸರು ಮಾಡಿಕೊಂಡು ಬಂದರು. ಅವರ ಸಂಸ್ಥೆ ಟೇಪಿನ ಲೈಸೆನ್ಸ್ ಪಡೆದು, ವೈರ್‌ಲೆಸ್ ಟವರಿಗೆ ಗೊಟ್ಟಿಗೆರೆಯ ಒಂದು ಗುಡ್ಡವನ್ನು ಆರಿಸಿತ್ತು.

"ಎರಡು ದಿನ ಹುಡುಕಿದ್ವಿ ಸಾರ್. ಗುಡ್ಡ ಇಲ್ಲ, ರಾಗಿ ಹೊಲ ಇದೆ. ಊರವರನ್ನ ಕೇಳಿದ್ರೆ, ಯಾವಾಗ ಕಳ್ಕೊಂಡ್ರಿ ಅಂತ ನಮ್ಮನ್ನೇ ಕೇಳ್ತಾರೆ."

ರಾಮಪ್ರಸಾದ ಯೋಚಿಸಲೂ ಇಲ್ಲ, ಯಲ್ಲಮ್ಮನ ಕಡೆ ತಿರುಗಿದ. "ಸಾರ್ ಬರೆದಿದ್ದನ್ನ ನೋಡ್ಕೊಂಡು ಒತ್ತಕ್ಕಾಗಲ್ವೇನಮ್ಮ? ಸಾಕು, ನಾಳೆಯಿಂದ ಬರ್ಬೇಡ." ಅವಳ ದುಡಿಮೆಯಲ್ಲೇ ಮನೆ ನಡೆಯುತ್ತಿತ್ತು. ಅವಳು ಎದ್ದು ನಿಂತಳು.

ಅವಳ ತಪ್ಪನ್ನು ತೋರಿಸಿಕೊಡೋಣ ಎಂದೇ ಅನಂತಪದ್ಮನಾಭ ತಾವು ಎತ್ತರ ಬರೆದಿದ್ದ ಹಳೆಯ ಹಾಳೆ ತೆಗೆದರು. ಆ ಗುಡ್ಡಕ್ಕೆ ಅವಳು ಒತ್ತಿದ್ದು ೯೨೦ ಮೀಟರ್. ತಾವು ದುಂಡಗೆ ಬರೆದದ್ದೂ ೯೨೦. ಗಾಬರಿಯಿಂದ ನಕ್ಷೆ ಬಿಡಿಸಿದರು. ಗೊಟ್ಟಿಗೆರೆಯ ಮೇಲೆ ಕಂದು ಬಣ್ಣದ ದುಂಡು ಗೆರೆ, ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಯಾವ ಅಚ್ಚುಕೂಟವೂ ಹಾಗೆ ಅಚ್ಚು ಹಾಕುವುದಿಲ್ಲ. ಅದು ಅವರದೇ ಕಾಫಿ ಲೋಟದ ತಳದ ಗುರುತು. ಮೂವತ್ತು ವರ್ಷದ ಅನುಭವವನ್ನೆಲ್ಲ ಒಟ್ಟುಗೂಡಿಸಿ, ಅದಕ್ಕೆ ಸುತ್ತಲಿನ ನೆಲಕ್ಕಿಂತ ಇಪ್ಪತ್ತು ಮೀಟರ್ ಎತ್ತರ ಕೊಟ್ಟಿದ್ದರು.

ನಕ್ಷೆ ಮಡಿಚಿಟ್ಟುಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಹೊತ್ತಿನಲ್ಲೂ ಹೊಸ ಪೆನ್ನಿನ ನೆನಪು ಬಂತಲ್ಲ ಎಂದು ಅವರಿಗೆ ತಮ್ಮ ಮೇಲೇ ಅಸಹ್ಯವಾಯಿತು. ಎದ್ದು ರಾಮಪ್ರಸಾದನ ಹತ್ತಿರ ಹೋದರು.

"ತಪ್ಪು ನಂದು. ಅದು ಗುಡ್ಡ ಅಲ್ಲ, ನನ್ನ ಕಾಫಿ."

ರಾಮಪ್ರಸಾದ ನಂಬಲಿಲ್ಲ. "ಆ ಹುಡುಗಿನ ಉಳಿಸೋಕೆ ಹೇಳ್ತಿದ್ದೀರಿ. ನಿಮ್ಮ ಕೈಲಿ ಇಂಥಾದ್ದು ಆಗಲ್ಲ ಸಾರ್."

ಲೋಟ ತಂದು ಗೆರೆಯ ಮೇಲೆ ಇಟ್ಟು ತೋರಿಸಬೇಕಾಯಿತು. ಕೂದಲೆಳೆಯಷ್ಟೂ ಆಚೀಚೆಯಾಗಲಿಲ್ಲ. ಗುರುಬಸಪ್ಪ ಬಗ್ಗಿ ನೋಡಿ ಕನ್ನಡಕ ಒರೆಸಿಕೊಂಡರು. ರಾಮಪ್ರಸಾದ, ಪರಿಶೀಲಕರ ಮಾತು ಸದ್ಯಕ್ಕೆ ಬೇಡ ಎಂದ. ಯಲ್ಲಮ್ಮನಿಗೆ, ಹೋಗಿ ಕೂತ್ಕೊಳ್ಳಮ್ಮ ಎಂದ.

ಅನಂತಪದ್ಮನಾಭ ಅವಳ ಮೇಜಿನ ಹತ್ತಿರ ಹೋಗಿ ನಿಂತರು. "ಕ್ಷಮಿಸಮ್ಮ. ಅಲ್ಲಿ ಗುಡ್ಡ ಇದೆಯೋ ಇಲ್ವೋ, ಪಾಪ ನಿನಗೆ ಹೇಗೆ ಗೊತ್ತಾಗ್ಬೇಕು."

"ಗೊತ್ತಿತ್ತು ಸಾರ್," ಎಂದಳು ಯಲ್ಲಮ್ಮ. "ಗೊಟ್ಟಿಗೆರೆ ನಮ್ಮೂರೇ. ಆ ಹೊಲ ನಮ್ಮ ದೊಡ್ಡಪ್ಪಂದು. ಒತ್ತೋಕೆ ಮುಂಚೆ ನಿಮ್ಮನ್ನೇ ಕೇಳ್ದೆ, ಅಲ್ಲಿ ಗುಡ್ಡ ಇಲ್ವಲ್ಲ ಸಾರ್ ಅಂತ. ಊರು ಬೇರೆ, ನಕ್ಷೆ ಬೇರೆ, ಬರೆದಷ್ಟು ಒತ್ತು ಅಂದ್ರಿ."

ಹಾಗೆ ಅಂದದ್ದು ಅನಂತಪದ್ಮನಾಭರಿಗೆ ನೆನಪೇ ಇರಲಿಲ್ಲ. ಆದರೆ ಮಾತು ತಮ್ಮದೇ ಎಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ.