ಸೆರಗು ಹೊದ್ದ ಜಪಾನಿ ಕಾರು

ಕಳೆದ ವಾರ ಮಗಳು ಮರೆತು ಬಿಟ್ಟುಹೋದ ಊಟದ ಡಬ್ಬಿ ಕೊಡಲು ಗದಗಿನಲ್ಲಿ ಅವಳ ಕಾಲೇಜಿಗೆ ಹೋಗಿದ್ದೆ. ಗೇಟಿಗೆ ಆಗಷ್ಟೇ ಕಟ್ಟಿದ ಫ್ಲೆಕ್ಸು, ಬಣ್ಣದ ಘಾಟು ಇನ್ನೂ ಹೋಗಿರಲಿಲ್ಲ. ಅದರ ತುಂಬ ಒಂದು ಕಾರು. ದಾಳಿಂಬೆ ಕೆಂಪಿನ, ಎರಡೇ ಬಾಗಿಲಿನ ಹಳೆಯ ಜಪಾನಿ ಸ್ಪೋರ್ಟ್ಸ್ ಕಾರು. ಬೆನ್ನ ಮೇಲೆ ಸಾಲಾಗಿ ಬಿಳಿ ತೆನೆಗಳು. ಪಕ್ಕದಲ್ಲಿ ಕೈಕಟ್ಟಿ ನಿಂತ ಗಂಡಸಿನ ಫೋಟೋ, ಅದರ ಕೆಳಗೆ ‘ವಿಡಿಯೋ ಗೇಮ್ ಲೋಕದಲ್ಲಿ ನಮ್ಮೂರ ಪ್ರತಿಭೆ’ ಎಂಬ ಸಾಲು. ನನಗೆ ಮೈಯೆಲ್ಲ ಉರಿಯಿತು. ಇವನ ಪ್ರತಿಭೆಯಂತೆ. ಆ ಕಾರನ್ನು ಸಿಂಗರಿಸಿದ್ದು ನಮ್ಮ ವೈನಿ.

ವೈನಿ ಎಂದರೆ ನನ್ನ ಒಡಹುಟ್ಟಿದ ಅಣ್ಣನ ಹೆಂಡತಿಯಲ್ಲ. ಬೆಟಗೇರಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಆ ಮನೆಯ ಹಿರಿಯ ಮಗನನ್ನು ನಾನು ಅಣ್ಣಾ ಎಂದು ಕರೆಯುತ್ತಿದ್ದೆ, ಹಾಗಾಗಿ ಅವನ ಹೆಂಡತಿ ವೈನಿ. ಮುಂಡರಗಿಯಲ್ಲಿ ಸೀರೆ ಅಂಗಡಿ ಇಟ್ಟವರ ಮಗಳು. ಮದುವೆಯಾಗಿ ಬಂದ ಹೊಸದರಲ್ಲಿ ಸ್ಕೂಟಿ ಕಲಿಯುತ್ತೇನೆ ಎಂದು ಬಾಯಿಬಿಟ್ಟು ಕೇಳಿದ್ದಳು. ಅತ್ತೆ ಕಾಳು ಹಸನು ಮಾಡುತ್ತಿದ್ದವರು ತಲೆಯೆತ್ತದೆ, “ಎಲ್ಲಿಗೆ ಹೋಗೋದೈತಿ ನಿನಗ?” ಎಂದರು. ಅಲ್ಲಿಗೆ ಆ ಮಾತು ಮುಗಿಯಿತು.

ಅದೇ ಮನೆಯಲ್ಲಿ ಅವಳ ಮೈದುನ, ಈಗ ಫ್ಲೆಕ್ಸಿನಲ್ಲಿ ಕೈಕಟ್ಟಿ ನಿಂತವನು, ಬೇಕೆಂದ ಕೂಡಲೇ ಟೀವಿಗೆ ಜೋಡಿಸುವ ಗೇಮಿನ ಪೆಟ್ಟಿಗೆ ಬಂತು. ಅವನು ಕಾಲೇಜಿಗೆ ಹೋದಾಗ, ಅತ್ತೆ ಉಂಡು ಮಲಗಿದಾಗ, ವೈನಿ ಟೀವಿಯ ದನಿ ತಗ್ಗಿಸಿ ಆಡಲು ಕೂರುತ್ತಿದ್ದಳು. ಪಿಯುಸಿ ಓದುತ್ತಿದ್ದ ನಾನು ಪುಸ್ತಕ ಮಡಚಿಟ್ಟು ಆ ಮನೆಗೆ ಓಡುತ್ತಿದ್ದೆ. ಸಾಮಾನ್ಯವಾಗಿ ಎಲ್ಲರೂ ಹೊಸ, ದುಬಾರಿ ಕಾರುಗಳನ್ನೇ ಆರಿಸಿಕೊಳ್ಳುತ್ತಾರೆ. ವೈನಿ ಪಟ್ಟಿಯ ಕೊನೆಯವರೆಗೂ ಹೋಗಿ, ಯಾರೂ ಮುಟ್ಟದ ಈ ಹಳೆಯ ಜಪಾನಿ ಕಾರನ್ನು ಹಿಡಿದಳು. ಅದರ ಹೆಡ್‌ಲೈಟುಗಳು ಒಳಗೆ ಮಡಚಿಕೊಂಡಿರುತ್ತಿದ್ದವು, ಬಟನ್ ಒತ್ತಿದರೆ ಮೇಲೇಳುತ್ತಿದ್ದವು. “ನೋಡವಾ, ಕಣ್ಣು ಮುಚ್ಚಿಗೊಂಡು ಕುಂತೈತಿ ಪಾಪ,” ಎಂದು ಒತ್ತಿ ಒತ್ತಿ ನಗುತ್ತಿದ್ದಳು.

ಆ ಕಾರಿಗೆ ಅವಳು ಮಾಡಿದ ಉಪಚಾರ ಅಷ್ಟಿಷ್ಟಲ್ಲ. ಮೊದಲು ಚೆಂದ ಕಾಣಲೆಂದು ನೆಲಕ್ಕೆ ತೀರಾ ತಗ್ಗಿಸಿದಳು. ತಿರುವಿನಲ್ಲಿ ಅದು ಜಾರಿ ಗೋಡೆಗೆ ಬಡಿಯಿತು. ಮತ್ತೆ ಎತ್ತರಿಸಿದಳು, ಟೈರು ಬದಲಿಸಿದಳು, ತಿರುವು ದಾಟುತ್ತಲೇ ಚಂಗನೆ ಚಿಮ್ಮುವ ಹಾಗೆ ಗೇರುಗಳನ್ನು ಹೊಂದಿಸಿದಳು. ಹಿಂದೆ ಕೂರಿಸಲು ಗೇಮು ದೊಡ್ಡದೊಂದು ರೆಕ್ಕೆ ಕೊಡುತ್ತಿತ್ತು. ಹಾಕಿ ನೋಡಿ, “ಬೆನ್ನ ಮ್ಯಾಲೆ ಮಂಚ ಹೊತ್ತಂಗ ಕಾಣತೈತಿ,” ಎಂದು ಕಿತ್ತು ಹಾಕಿದಳು. ಒಮ್ಮೆ ಮೈದುನ ತನ್ನ ಹೊಸ ಕಾರಿನೊಂದಿಗೆ ಪಂದ್ಯಕ್ಕಿಳಿದು ಸೋತು, ಕೈಯಲ್ಲಿದ್ದ ಕಂಟ್ರೋಲರನ್ನು ಹಾಸಿಗೆಯ ಮೇಲೆ ಎಸೆದು ಎದ್ದುಹೋದ.

ಆಮೇಲೆ ಬಣ್ಣದ ಕೆಲಸ. ಇಳಕಲ್ ಸೀರೆಯ ಸೆರಗಿನಲ್ಲಿ ಕೆಂಪಿನ ಮೇಲೆ ಬಿಳಿ ತೆನೆಗಳು ಸಾಲಾಗಿ ನಿಂತಿರುತ್ತವಲ್ಲ, ಟೋಪ ತೆನಿ, ಅದನ್ನು ಕಾರಿನ ಬೆನ್ನಿಗೆ ಹೊದಿಸಬೇಕೆಂದು ಹೊರಟಳು. ಗೇಮು ಕೊಡುತ್ತಿದ್ದುದು ಬರೀ ಗೆರೆ, ವೃತ್ತ, ತ್ರಿಕೋನ. ಒಂದೊಂದೇ ತ್ರಿಕೋನವನ್ನು ತಿರುಗಿಸಿ, ಸಣ್ಣದು ಮಾಡಿ, ಜರುಗಿಸಿ ಕೂರಿಸಬೇಕು. ಕಾರಿನ ಮೈ ಬಾಗಿದ ಕಡೆ ತೆನೆ ಸೊಟ್ಟಗಾಗುತ್ತಿತ್ತು. ನನಗೆ ಕಂಡರೂ ಕಾಣದಷ್ಟು ಸೊಟ್ಟು, ಆದರೂ ಅಳಿಸಿ ಮತ್ತೆ ಕೂರಿಸುತ್ತಿದ್ದಳು. “ಸೆರಗು ಜೋತು ಬೀಳಬಾರದು, ಮೈಗೆ ಹೊಂದಬೇಕು,” ಎನ್ನುತ್ತಿದ್ದಳು. ಆ ಬೇಸಿಗೆಯ ಮಧ್ಯಾಹ್ನಗಳು, ಕಿಟಕಿಗೆ ಇಳಿಬಿಟ್ಟ ಚಾದರ, ತುಟಿ ಕಚ್ಚಿಕೊಂಡ ಅವಳ ಮುಖ… ಅಷ್ಟು ಖುಷಿಯಾಗಿ ಅವಳನ್ನು ನಾನು ಬೇರೆ ಯಾವಾಗಲೂ ನೋಡಲಿಲ್ಲ.

ಕೊನೆಗೆ ನಂಬರ್ ಪ್ಲೇಟು. ಅಲ್ಲಿ ಬೇಕಾದ ಅಕ್ಷರ ಬರೆಯಬಹುದಿತ್ತು. ಅವಳು ಒಂದು ಹೆಸರು ಬರೆದಳು. ಯಾರದಿದು ಎಂದೆ.

“ನಂದು. ಅಕ್ಕಿ ಮ್ಯಾಲೆ ಬರೆಯೋಕಿಂತ ಮೊದಲಿಂದು.”

ಅವರ ಮನೆತನದಲ್ಲಿ ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರವಿ, ಗಂಡನ ಕೈಯಿಂದ ಸೊಸೆಗೆ ಹೊಸ ಹೆಸರು ಬರೆಸುವ ಪದ್ಧತಿ. ಅಂದಿನಿಂದ ಹುಟ್ಟಿದ ಹೆಸರನ್ನು ಯಾರೂ ಎತ್ತುವಂತಿಲ್ಲ. ತವರಿನವರು ಬಂದಾಗಲೂ ತಡವರಿಸಿಕೊಂಡು ಹೊಸ ಹೆಸರನ್ನೇ ಕರೆಯುತ್ತಿದ್ದರು. ಅವಳ ಈ ಕತೆಯನ್ನು ಬರೆಯುತ್ತೇನೆಂದು ಮೊನ್ನೆ ಮುಂಡರಗಿಗೆ ಫೋನ್ ಮಾಡಿದಾಗ ಅವಳ ತಾಯಿ, “ಬರಿ ಅವ್ವಾ, ಹೆಸರೊಂದು ಬ್ಯಾಡ. ಮೊಮ್ಮಕ್ಕಳು ಆ ಮನ್ಯಾಗ ಅದಾವ,” ಎಂದರು. ಮಗಳು ಮಣ್ಣಾದ ಮೇಲೂ ಅವಳ ಹೆಸರು ಹೇಳಲು ಹೆತ್ತತಾಯಿ ಅಂಜಬೇಕು. ಎಂಥ ಜನ ನಾವು. ಅವರ ಮಾತಿಗೆ ಕಟ್ಟುಬಿದ್ದು ಇಲ್ಲಿ ಬರೆಯುತ್ತಿಲ್ಲ.

ಮೈದುನನ ಕಣ್ಣು ಆ ಕಾರಿನ ಮೇಲೆ ಬಿತ್ತು. ಹುಬ್ಬಳ್ಳಿಯಲ್ಲಿ ಗೇಮು ಆಡುವವರ ಒಂದು ಬಳಗ, ಚೆಂದದ ಕಾರು ಯಾರದೆಂದು ಸ್ಪರ್ಧೆ ಇಟ್ಟಿತ್ತು. ಇವನು ಪ್ಲೇಟಿನ ಮೇಲಿನ ಹೆಸರು ಅಳಿಸಿ, ತನ್ನ ಹೆಸರು ಬರೆದು, ಫೋಟೋ ತೆಗೆದು ಕಳಿಸಿದ. ಮೊದಲ ಬಹುಮಾನ ಬಂತು. ಓಣಿಗೆಲ್ಲ ಫೇಡೆ ಹಂಚಿದರು. ನಮ್ಮ ಮನೆಗೆ ಫೇಡೆ ತಂದುಕೊಟ್ಟವಳು ವೈನಿಯೇ. ಯಾವ ಕಾರು ಎಂದು ಕೇಳಿದೆ. “ಸೆರಗಿಂದು,” ಎಂದು ಅವಳು ತಟ್ಟೆ ಮುಂದೆ ಹಿಡಿದಳು.

ನಾನು ಫೇಡೆಯನ್ನು ಕೈಯಲ್ಲಿ ಹಿಡಿದುಕೊಂಡೇ ಅವರ ಪಡಸಾಲೆಗೆ ನುಗ್ಗಿದೆ. “ಆ ಕಾರು ವೈನಿ ಮಾಡಿದ್ದು. ನಾ ಕಣ್ಣಾರೆ ನೋಡೇನಿ,” ಎಂದು ಎಲ್ಲರ ಮುಂದೆ ಹೇಳಿದೆ. ಮೈದುನ ನಕ್ಕ. ಅವಳ ಗಂಡ, ನನ್ನ ಅಣ್ಣ ಅನ್ನಿಸಿಕೊಂಡವನು, ಪೇಪರಿನ ಹಾಳೆ ಮಗುಚಿದ. ಅತ್ತೆ ಮಾತ್ರ ಸಮಾಧಾನದಿಂದಲೇ, “ಒಂದ ಮನ್ಯಾಗ ನಂದು ನಿಂದು ಏನಿರತೈತಿ? ಗಂಡುಮಕ್ಕಳ ಹೆಸರು ಬಂದ್ರ ಮನಿತನದ್ದು ಬಂದಂಗ. ನೀ ಓದ್ಕೋ ಹೋಗು,” ಎಂದರು. ನಾನು ವೈನಿಯ ಕಡೆ ತಿರುಗಿ, ನೀವಾದರೂ ಹೇಳ್ರಿ ಎಂದೆ. ಆಗ ಅವಳು, “ನನಗೇನು ಆಡಾಕ ಬರತೈತವಾ, ಅವರು ಆಡೋದು ನೋಡ್ತಿದ್ದೆ,” ಎಂದಳು. ಅವಳ ಮೇಲೂ ಸಿಟ್ಟು ಬಂತು. ಆದರೆ ಆ ಮನೆಯಲ್ಲಿ ಬಾಳಬೇಕಾದವಳು ಅವಳು, ನಾನಲ್ಲ.

ಅಂದಿನಿಂದ ಅವಳು ಆಟ ಮುಟ್ಟಲಿಲ್ಲ. ಬಹುಮಾನದ ಸೊಕ್ಕಿನಲ್ಲಿ ಮೈದುನ ಹೊಸ ಪೆಟ್ಟಿಗೆ ತರಿಸಿ, ಹಳೆಯದನ್ನು ಲಕ್ಷ್ಮೇಶ್ವರದ ಗೆಳೆಯನೊಬ್ಬನಿಗೆ ಕೊಟ್ಟುಬಿಡಲು ಹೊರಟ. ಆಗ ನಾನು ಅಲ್ಲೇ ಇದ್ದೆ. ವೈನಿ ಅಡುಗೆಮನೆಯಿಂದ ಬಂದು, ಕೈ ಒರೆಸಿಕೊಳ್ಳುತ್ತಾ ಮೆಲ್ಲಗೆ, “ಆ ಕಾರಷ್ಟು ತಗದು ಇಡಾಕ ಬರತೈತೇನು?” ಎಂದಳು.

“ಅದೇನು ಸೀರೀನ, ಮಡಚಿ ಇಡಾಕ?” ಎಂದ ಅವನು. ನನ್ನೆದುರಿಗೇ ಪೆಟ್ಟಿಗೆಯಲ್ಲಿದ್ದುದನ್ನೆಲ್ಲ ಅಳಿಸಿ, ತಂತಿ ಸುತ್ತಿ ಚೀಲಕ್ಕೆ ಹಾಕಿಕೊಂಡು ನಡೆದ. ವೈನಿ ಒಳಗೆ ಹೋದಳು. ಒಲೆಯ ಮೇಲೆ ಏನೋ ಸೀಯುತ್ತಿತ್ತು…

ನಾನು ಮದುವೆಯಾಗಿ ಶಿರಹಟ್ಟಿಗೆ ಹೋದೆ. ಕೆಲವು ವರ್ಷಗಳ ಮೇಲೆ ಅವಳು ಜಡ್ಡಾಗಿ ತೀರಿಕೊಂಡ ಖಬರ ಬಂತು. ಮಣ್ಣಿಗೆ ಹೋದಾಗ ಎಲ್ಲರೂ ಅವಳ ಅಕ್ಕಿಯ ಹೆಸರು ಹಿಡಿದೇ ಅತ್ತರು. ಅವಳ ತಾಯಿ ಮಾತ್ರ ಸೆರಗು ಬಾಯಿಗೆ ತುರುಕಿಕೊಂಡು ಕೂತಿದ್ದರು.

ಫ್ಲೆಕ್ಸು ಕಂಡ ಆ ದಿನ ನಾನು ಡಬ್ಬಿ ಕೊಟ್ಟು ಮನೆಗೆ ಹೋಗಲಿಲ್ಲ. ಮಗಳು ಬೇಡ ಬೇಡವೆಂದರೂ ಅವನ ಭಾಷಣವಿದ್ದ ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂತೆ. ಈಗ ದೊಡ್ಡ ಕಂಪನಿಯೊಂದರಲ್ಲಿ ಗೇಮಿನ ಕಾರುಗಳಿಗೆ ಬಣ್ಣ ಬಳಿಯುವ ಮೈದುನ, ಪರದೆಯ ಮೇಲೆ ಮೊದಲು ತೋರಿಸಿದ್ದೇ ಅವಳ ಕಾರು, ಅಂದು ಸ್ಪರ್ಧೆಗೆ ಕಳಿಸಿದ ಅದೇ ಫೋಟೋ. “ಈ ಡಿಸೈನ್ ಹ್ಯಾಂಗ ಹೊಳೀತು ಅಂತ ಎಲ್ಲಾರೂ ಕೇಳ್ತಾರ. ಸುಮ್ನ ಕುಂತಿದ್ದೆ, ಹೊಳೀತು,” ಎಂದ. ಹುಡುಗರು ಚಪ್ಪಾಳೆ ಹೊಡೆದರು. ನಾಚಿಕೆ ಎಂಬುದನ್ನು ಇವನು ಎಲ್ಲಿ ಬಿಟ್ಟು ಬಂದಿದ್ದನೋ.

ನಾನು ಎದ್ದು ನಿಂತೆ. ಮೈಕು ಕೊಡಲು ಬಂದವರಿಗೆ ಬೇಡವೆಂದು, ಗಟ್ಟಿಯಾಗಿ ಅವಳ ಹುಟ್ಟಿದ ಹೆಸರು ಹೇಳಿ, “ಈ ಕಾರು ಮಾಡಿದಾಕಿ ಆಕಿ. ಆಕಿ ಯಾರಂತ ಈ ಹುಡುಗರಿಗೆ ಹೇಳ್ರಿ,” ಎಂದೆ. ಅವನು ನನ್ನನ್ನು ಗುರುತಿಸಿದ, ಅದು ಅವನ ಮುಖದಲ್ಲೇ ಕಂಡಿತು. ನೀರು ಕುಡಿದು, ನಗುತ್ತಾ, “ಅಕ್ಕಾರ, ಆ ಹೆಸರಿನವ್ರು ನಮ್ಮ ಮನ್ಯಾಗ ಯಾರೂ ಇರಲಿಲ್ಲರಿ,” ಎಂದ.

ಸುಳ್ಳು ಎನ್ನಲು ಬಾಯಿ ತೆರೆದೆ. ಆದರೆ ಅವನು ಖರೆ ಹೇಳಿದ್ದ. ಆ ಮನೆಯಲ್ಲಿ ಆ ಹೆಸರಿನವಳನ್ನು ಅವರು ಒಂದು ದಿನವೂ ಇರಗೊಡಲಿಲ್ಲ.