ಐದೂರಿಗೆ ಒಂದು ಸಂತೆ

ನಿನ್ನೆ ಪಕ್ಕದ ಕ್ವಾರ್ಟರ್ಸಿನಲ್ಲಿ ಪುಂಡಿಸೊಪ್ಪಿನ ಪಲ್ಯ ಕುದಿಯುತ್ತಿತ್ತು. ಬೆಳ್ಳುಳ್ಳಿ ಒಗ್ಗರಣೆಯ ಜೊತೆ ಆ ಹುಳಿ ವಾಸನೆ ಕಿಟಕಿಯಿಂದ ಬಂದದ್ದೇ ತಡ, ಸೇಡಂನ ನಮ್ಮ ಎದುರು ಮನೆಯ ಕಾಕಿ ನೆನಪಾದರು. ಹಿಂದೆಯೇ ಸಿಟ್ಟೂ ಬಂತು. ಅವರ ನೆನಪು ನನಗೆ ಸಿಟ್ಟಿಲ್ಲದೆ ಬರುವುದೇ ಇಲ್ಲ.

ಕಾಕಿ ಪುರಸಭೆ ಸದಸ್ಯೆಯಾಗಿದ್ದರು. ದನಿ ಜೋರು, ನಗು ಅದಕ್ಕಿಂತ ಜೋರು. ತಲೆಯಲ್ಲಿ ಒಂದೇ ವಿಚಾರ ಕೊರೆಯುತ್ತಿತ್ತು. ಚಿಂಚೋಳಿ, ಸೇಡಂ ಕಡೆ ಬೆಳೆದ ಸೊಪ್ಪು, ಬದನೆಕಾಯಿ ಕೊಳ್ಳುವವರಿಲ್ಲದೆ ದನದ ಮುಂದೆ ಬೀಳುತ್ತಿತ್ತು. ಅತ್ತ ವಾಡಿ, ಶಹಾಬಾದಿನ ಕೂಲಿಯವರು ಹೈದರಾಬಾದಿನಿಂದ ಬಂದ ಬಾಡಿದ ತರಕಾರಿ ತಿನ್ನುತ್ತಿದ್ದರು. ನಡುವೆ ಚಿತ್ತಾಪುರ. ಐದೂ ಊರಿನ ಸದಸ್ಯರು ಕೂಡಿ, ಒಂದು ಗಾಡಿ ಗೊತ್ತು ಮಾಡಿ, ಬೆಳೆದವರೇ ಮಾರುವ ಒಂದು ಸಂತೆ ನಡೆಸಲಾರರೇ? ಅವರು ಕೇಳಿದ್ದು ಇಷ್ಟೇ.

ಮೊಣಕಾಲು ನೋವಿನಲ್ಲೇ ಬಸ್ಸು ಹತ್ತಿ ಊರೂರು ಅಲೆದರು. ಜೊತೆಗೆ ನಾನಿರುತ್ತಿದ್ದೆ. ಕೊನೆಗೂ ಊರಿಗೊಬ್ಬರಂತೆ ಒಂದು ಸಮಿತಿಯಾಯಿತು. ಮೊದಲ ಸಂತೆಗೆ ದಿನ ಹುಡುಕಲು ಕೂತರೆ, ಯಾವ ವಾರ ಹೇಳಿದರೂ ಯಾರದೋ ಊರಿನ ಸಂತೆಗೆ ಅಡ್ಡ. "ನಮ್ಮ ಸಂತಿ ಕೆಡ್ತದ್ರಿ" ಎಂದು ಒಬ್ಬರಾದ ಮೇಲೊಬ್ಬರು ಮುಖ ಗಂಟು ಹಾಕಿದರು. ಚಹಾದ ಮೇಲೆ ಚಹಾ... ಸಾಕಾಗಿ ಯಾರೋ ಎಳ್ಳಮಾವಾಸ್ಯೆ ಎಂದರು. ಅವತ್ತು ಯಾರ ಸಂತೆಯೂ ಇರುವುದಿಲ್ಲ. ಎಲ್ಲರೂ ಒಪ್ಪಿಬಿಟ್ಟರು.

ಇರುವುದಿಲ್ಲ ನಿಜ, ಯಾಕೆಂದರೆ ಅವತ್ತು ಊರಲ್ಲಿ ಜನವೇ ಇರುವುದಿಲ್ಲ! ನಮ್ಮ ಕಡೆ ಎಳ್ಳಮಾವಾಸ್ಯೆಗೆ ಮನೆ ಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಅಲ್ಲೇ ಉಂಡು ಬರುತ್ತಾರೆ.

"ಕಾಕಿ, ಅವತ್ತು ಯಾರ್ ಬರ್ತಾರ್ರಿ?" ಎಂದೆ ಬಸ್ಸಿನಲ್ಲಿ.

"ಗೊತ್ತದ ತಮ್ಮಾ. ಐದು ಮಂದಿ ಒಂದ್ ಮಾತಿಗಿ ಬಂದಾರ. ಈಗ ನಾ ಬ್ಯಾಡ ಅಂದ್ರ ಮತ್ತ ಕೂಡೋದಿಲ್ಲ. ಹೊಲದಾಗ ಉಂಡು ಸಂಜಿಕಿ ಬಂದಾರು, ನೋಡೂಣು."

ಬರಲಿಲ್ಲ. ಚಿತ್ತಾಪುರದಲ್ಲಿ ಹಾಕಿದ್ದ ಶಾಮಿಯಾನದ ಕೆಳಗೆ ಕಾಕಿ, ನಾನು ಮತ್ತು ಮೈಕಿನವನು. ಮೈಕಿನವನೂ ಮಧ್ಯಾಹ್ನ ಅಣ್ಣನ ಹೊಲಕ್ಕೆ ಹೋದ. ಸಮಿತಿಯವರೂ ತಂತಮ್ಮ ಹೊಲಗಳಲ್ಲಿದ್ದರು. ಕಾಕಿ ತಾವೇ ತಂದಿದ್ದ ಪುಂಡಿಸೊಪ್ಪಿನ ಕಟ್ಟುಗಳಿಗೆ ನೀರು ಚಿಮುಕಿಸುತ್ತ ಕತ್ತಲಾಗುವವರೆಗೂ ಕೂತರು.

ಮುಂದಿನ ಸಭೆಯಲ್ಲಿ ಸಮಿತಿಯ ಒಬ್ಬರು, "ಮಂದಿಗಿ ಇದರಾಗ ಆಸಕ್ತಿ ಇಲ್ರಿ" ಎಂದರು.

"ಮಂದಿ ಅಂದ್ರ ನೀವಲ್ಲೇನ್ರಿ? ನೀವ್ ಎಲ್ಲಿದ್ರಿ ಅವತ್ತ?" ಕಾಕಿ ಎದ್ದು ನಿಂತು ಕೇಳಿದರು.

ಒಬ್ಬೊಬ್ಬರೇ ಎದ್ದು ಬಸ್ಸಿಗೆ ಹೊರಟರು. ಸಮಿತಿ ಅಲ್ಲಿಗೇ ಮುಗಿಯಿತು. ಆಮೇಲೂ ಅವರು ಕಂಡಕಂಡವರಿಗೆ ಆ ಸಂತೆಯ ಮಾತು ಹೇಳುತ್ತಿದ್ದರು. ಬರುಬರುತ್ತಾ ಜನ ಅವರನ್ನು ಕಂಡರೆ ದಾರಿ ಬದಲಿಸತೊಡಗಿದರು...

ಹೋದ ವರ್ಷ ಕಾಕಿ ತೀರಿಕೊಂಡರು. ಶಿವಗಣಾರಾಧನೆಯ ಊಟಕ್ಕೆ ಐದೂ ಊರಿನ ಸದಸ್ಯರು ಬಂದರು. ಒಂದೇ ದಿನ, ಒಂದೇ ಪಂಕ್ತಿಗೆ. ಅವತ್ತು ಯಾರ ಊರಿನ ಸಂತೆಯೂ ಕೆಡಲಿಲ್ಲ. ಪಲ್ಯ ಹಾಕಿಸಿಕೊಳ್ಳುತ್ತ ಒಬ್ಬರು, "ಭಾಳ ಛಲೋ ವಿಚಾರ ಇತ್ತು ಬಿಡ್ರಿ ಅವರದು" ಎಂದರು. ನಾನು ಎಲೆ ಬಿಟ್ಟು ಎದ್ದೆ.

ಈಗ ನಾನಿರುವುದು ಸೇಡಂ ಹತ್ತಿರದ ಸಿಮೆಂಟ್ ಕಾರ್ಖಾನೆಯ ಕಾಲೊನಿ, ಆದಿತ್ಯನಗರದಲ್ಲಿ. ತರಕಾರಿ ಇಂದಿಗೂ ಹೈದರಾಬಾದಿನಿಂದಲೇ ಬರುತ್ತದೆ. ಕಾಕಿ ಇದ್ದಿದ್ದರೆ ಇಬ್ಬರೂ ಕೂತು ಮನಸಾರೆ ಬೈಯುತ್ತಿದ್ದೆವು. ಬೈದಾದ ಮೇಲೆ ಅವರು ಸೆರಗು ಸರಿಮಾಡಿಕೊಂಡು, ಮುಂದಿನ ಬಸ್ಸು ಎಷ್ಟು ಗಂಟೆಗೆಂದು ಕೇಳುತ್ತಿದ್ದರು. ನಾನು ಬರೀ ಬೈಯುತ್ತೇನೆ.