ನೂರನಲವತ್ತನೆಯ ಸಾಲು

ನಾನು ಸ್ವಭಾವದಿಂದಲೇ ಅನುಮಾನದ ಮನುಷ್ಯ. ಬೀಗ ಹಾಕಿ ಮೂರು ಸಲ ಜಗ್ಗಿ ನೋಡುತ್ತೇನೆ, ನಾಲ್ಕು ಹೆಜ್ಜೆ ಹೋಗಿ ಮತ್ತೆ ಬಂದು ಜಗ್ಗುತ್ತೇನೆ. ಎಂಬತ್ತರ ದಶಕದ ನಡುವೆ ಪೀಣ್ಯದಲ್ಲಿ ಸ್ಪ್ರಿಂಗು ಮಾಡುವ ಕಾರ್ಖಾನೆಯೊಂದರ ಡಿಸೈನ್ ವಿಭಾಗದಲ್ಲಿದ್ದಾಗ ಈ ಗುಣವನ್ನು ಜಾಣತನ ಎಂದೇ ತಿಳಿದಿದ್ದೆ.

ವಿಭಾಗದಲ್ಲಿ ಇದ್ದವರು ಇಬ್ಬರೇ, ನಾನು ಮತ್ತು ನನಗಿಂತ ಎರಡು ವರ್ಷ ಚಿಕ್ಕವನಾದ ಒಬ್ಬ ಸಹೋದ್ಯೋಗಿ. ಅವನು ನಾಗಸಂದ್ರದಲ್ಲಿ ಬಾಡಿಗೆ ಕೋಣೆ ಮಾಡಿಕೊಂಡಿದ್ದ, ಇನ್ನೂ ಪ್ರೊಬೇಷನ್ನಿನಲ್ಲಿದ್ದ. ಕೆಲಸ ಖಾಯಮಾದ ಕಾಗದ ತೋರಿಸಿದ ಮೇಲೆಯೇ ಲಗ್ನಪತ್ರಿಕೆ ಎಂದು ಹೆಣ್ಣಿನ ತಂದೆ ಹೇಳಿಬಿಟ್ಟಿದ್ದರಂತೆ. ಅವರು ಸರ್ಕಾರಿ ಕಾರ್ಖಾನೆಯಲ್ಲಿ ದುಡಿದವರು, ಆ ಕಾಗದದ ಬೆಲೆ ಬಲ್ಲವರು. ಇದನ್ನು ಅವನು ನಾಚಿಕೊಳ್ಳುತ್ತಲೇ ನನ್ನೊಬ್ಬನಿಗೆ ಹೇಳಿದ್ದ. ಇಷ್ಟು ಕೆಲಸಕ್ಕೆ ಇಬ್ಬರು ಬೇಕೇ ಎಂದು ಮ್ಯಾನೇಜರು ಆಗಾಗ ಕೇಳುತ್ತಿದ್ದುದರಿಂದ ನನಗೆ ಅವನ ನಾಚಿಕೆಯ ಮೇಲೂ ಅನುಮಾನವಿತ್ತು.

ಕಾರ್ಖಾನೆಗೆ ಒಂದೇ ಒಂದು ಕಂಪ್ಯೂಟರ್ ಬಂದಿತ್ತು. ಅದಕ್ಕೊಂದು ಏಸಿ ಕೋಣೆ. ದೇವರಮನೆಗೆ ಹೋದಂತೆ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು. ಮುಟ್ಟುವ ಅಪ್ಪಣೆ ನನಗೆ ಮಾತ್ರ. ಬೇಸಿಕ್ ಭಾಷೆಯಲ್ಲಿ ಹತ್ತು, ಇಪ್ಪತ್ತು, ಮೂವತ್ತು ಎಂದು ಸಾಲಿಗೆ ನಂಬರು ಕೊಟ್ಟು ಪ್ರೋಗ್ರಾಂ ಬರೆಯುವುದನ್ನು ಕೈಪಿಡಿ ನೋಡಿಕೊಂಡೇ ಕಲಿತೆ. ಫಂಕ್ಷನ್ ಎಂದರೇನು ಎಂದು ಹೊಳೆದ ದಿನ ಊಟದ ಡಬ್ಬಿ ತೆರೆಯುವುದೇ ಮರೆತುಹೋಯಿತು. ಸೂತ್ರವನ್ನು ಒಂದು ಸಲ ಬರೆದು ಅದಕ್ಕೊಂದು ಹೆಸರಿಟ್ಟರೆ ಸಾಕು. ಆಮೇಲೆ ತಂತಿಯ ದಪ್ಪ, ಸುರುಳಿಯ ಅಗಲ ಕೊಟ್ಟರೆ ಉತ್ತರ ತಾನೇ ಬರುತ್ತದೆ. ಅರ್ಧ ದಿನ ಹಿಡಿಯುತ್ತಿದ್ದ ಲೆಕ್ಕ ಕಾಫಿ ಆರುವಷ್ಟರಲ್ಲಿ ಮುಗಿಯುತ್ತಿತ್ತು. ಸುತ್ತಿದ ತಂತಿಯ ಒಳಮೈಗೆ ಬೀಳುವ ಹೆಚ್ಚಿನ ಒತ್ತಡವನ್ನು ಲೆಕ್ಕಕ್ಕೆ ತರುವ ಫಂಕ್ಷನ್ ನೂರನಲವತ್ತನೆಯ ಸಾಲಿನಲ್ಲಿತ್ತು. ಸೂತ್ರ ಪುಸ್ತಕದ್ದೇ ಆದರೂ ನಾನೇ ಕಂಡುಹಿಡಿದವನ ಹಾಗೆ ಬೀಗುತ್ತಿದ್ದೆ.

ಒಂದು ಮಧ್ಯಾಹ್ನ ಬೇಗ ಊಟ ಮುಗಿಸಿ ಬಂದರೆ ಕಂಪ್ಯೂಟರ್ ಕೋಣೆಯ ಹೊರಗೆ ಅವನ ಚಪ್ಪಲಿ. ಮರುದಿನವೂ ಅಲ್ಲೇ. ಪ್ರೋಗ್ರಾಂ ಇದ್ದ ನನ್ನ ಫ್ಲಾಪಿ ಡಿಸ್ಕನ್ನು ಕವರಿನಲ್ಲಿ ಬೇಕೆಂದೇ ತಲೆಕೆಳಗಾಗಿ ಇಟ್ಟು ಹೋದೆ. ಊಟ ಮುಗಿಸಿ ಬಂದು ನೋಡಿದರೆ ನೆಟ್ಟಗೆ ಕೂತಿತ್ತು. ನನಗೆ ಭಯವಾಯಿತು. ತಿಂಗಳುಗಟ್ಟಲೆ ಕೂತು ಬರೆದದ್ದನ್ನು ಇವನು ನಕಲು ಮಾಡಿ ಮ್ಯಾನೇಜರಿಗೆ ತೋರಿಸಿದರೆ, ಇಬ್ಬರಲ್ಲಿ ಉಳಿಯುವವನು ಇವನೇ.

ಬಾಯಿಬಿಟ್ಟು ಕೇಳಿದ್ದರೆ ಮುಗಿದುಹೋಗುತ್ತಿತ್ತು. ನಾನು ಬಲೆ ಹಾಕಿದೆ. ನೂರನಲವತ್ತನೆಯ ಸಾಲಿನಲ್ಲಿ 0.615 ಎಂದಿದ್ದುದನ್ನು 0.651 ಮಾಡಿದೆ. ಉತ್ತರದಲ್ಲಿ ಕೂದಲೆಳೆಯಷ್ಟೇ ವ್ಯತ್ಯಾಸ, ಆದರೆ ಅವನ ಕಾಗದದಲ್ಲಿ ಅದೇ ಅಂಕಿ ಕಂಡರೆ ಕಳ್ಳ ಸಿಕ್ಕಂತೆ. ಆ ವಾರ ನನ್ನ ಲೆಕ್ಕಗಳನ್ನೆಲ್ಲ ಕೈಯಲ್ಲೇ ಮಾಡಿಕೊಂಡೆ.

ಮೂರನೆಯ ದಿನ ಅವನು ಯಂತ್ರಗಳಿದ್ದ ಶಾಪ್ ಫ್ಲೋರಿಗೆ ಹೋಗಿದ್ದಾಗ ಅವನ ಮೇಜಿನ ನೋಟ್ ಬುಕ್ ತೆರೆದೆ. ಇನ್ನೊಬ್ಬರದನ್ನು ಹೀಗೆ ತೆರೆಯಬಾರದು ಎಂದು ಆಗ ಅನ್ನಿಸಲೇ ಇಲ್ಲ. ಪೆನ್ಸಿಲಿನಲ್ಲಿ 0.651 ಎಂದು ಬರೆದು ಸುತ್ತ ಗೆರೆ ಹಾಕಿತ್ತು. ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಯಿತು.

ನೇರ ಮ್ಯಾನೇಜರ ಹತ್ತಿರ ಹೋಗಿ, "ಸಾರ್, ಅವ್ನು ನನ್ನ ಪ್ರೋಗ್ರಾಂ ಕದೀತಿದಾನೆ. ಬೇಕಾದ್ರೆ ನೂರನಲವತ್ತನೇ ಲೈನನ್ನೂ ಅವ್ನ ಬುಕ್ಕನ್ನೂ ಪಕ್ಕಪಕ್ಕ ಇಟ್ಟು ನೋಡಿ," ಅಂದೆ. ಬಲೆಯ ವಿಷಯವನ್ನು ಕೊನೆಗೆ, ಅವನ ಎದುರಿಗೇ ಹೇಳೋಣ ಎಂದುಕೊಂಡಿದ್ದೆ.

ಮ್ಯಾನೇಜರು ಇಬ್ಬರನ್ನೂ ಕಂಪ್ಯೂಟರ್ ಕೋಣೆಗೆ ಕರೆದೊಯ್ದರು. ಪ್ರೋಗ್ರಾಂ ತೆರೆದೆ. ನೂರನಲವತ್ತನೆಯ ಸಾಲಿನಲ್ಲಿ 0.615 ಎಂದೇ ಇತ್ತು. ಅದರ ಮೇಲೆ ನಾನು ಬರೆಯದ ಒಂದು ಸಾಲು, ನೂರಮೂವತ್ತೈದು: ಪುಸ್ತಕ ನೋಡಿ ಸರಿಪಡಿಸಿದೆ ಎಂದು ಇಂಗ್ಲಿಷಿನಲ್ಲಿ ಟಿಪ್ಪಣಿ.

"ಯಾರನ್ನ ಕೇಳಿ ಮುಟ್ಟಿದ್ರಿ ಇದನ್ನ?" ಎಂದು ಮ್ಯಾನೇಜರು ಅವನ ಕಡೆ ತಿರುಗಿದರು.

"ಕಲಿಯೋಣ ಅಂತ ಸಾರ್. ಇವ್ರು ಬರೆದಿದ್ದನ್ನ ಓದ್ತಾ ಒಂದೊಂದು ನಂಬರ್‌ನೂ ಪುಸ್ತಕದ ಜೊತೆ ತಾಳೆ ನೋಡ್ತಿದ್ದೆ. ಇದೊಂದು ಹಿಂದುಮುಂದಾಗಿತ್ತು, ಸರಿ ಮಾಡ್ದೆ. ಟೈಪ್ ಮಾಡೋವಾಗ ಯಾರಿಗಾದ್ರೂ ಆಗತ್ತೆ ಸಾರ್."

ಮ್ಯಾನೇಜರು ನನ್ನನ್ನು ನೋಡಿದರು. "ಏನ್ರೀ, ನಿಮ್ಮ ಕೈತಪ್ಪಾ?"

ಬೇಕೆಂದೇ ಬರೆದದ್ದು ಎಂದು ಹೇಳಬೇಕಿತ್ತು. ಹೇಳಿದರೆ, ಗೊತ್ತಿದ್ದೂ ಕಾರ್ಖಾನೆಯ ಪ್ರೋಗ್ರಾಮಿನಲ್ಲಿ ತಪ್ಪು ಅಂಕಿ ಇಟ್ಟವನು ನಾನು. ಕೆಲಸ ಕಳೆದುಕೊಂಡು ಮನೆಗೆ ಹೋಗುವವನೂ ನಾನೇ. "ಹೌದು ಸಾರ್, ನೋಡ್ಕೊಂಡಿಲ್ಲ," ಅಂದೆ.

"ಕೈತಪ್ಪು ಎಲ್ಲರಿಗೂ ಆಗತ್ತೆ. ಅಪ್ಪಣೆ ಇಲ್ದೆ ಮುಟ್ಟೋದು ಅಶಿಸ್ತು," ಎಂದರು ಮ್ಯಾನೇಜರು. ಅವನನ್ನು ಖಾಯಂ ಮಾಡುವುದನ್ನು ಆರು ತಿಂಗಳು ಮುಂದಕ್ಕೆ ಹಾಕಿದರು. ಅವನು ತಲೆ ತಗ್ಗಿಸಿ ನಿಂತಿದ್ದ. ಆರು ತಿಂಗಳು ಎಂದರೆ ಅವನಿಗೆ ಏನು ಎಂಬುದು ಆ ಕೋಣೆಯಲ್ಲಿ ಅವನನ್ನು ಬಿಟ್ಟರೆ ನನಗೊಬ್ಬನಿಗೇ ಗೊತ್ತಿತ್ತು. ಮೈಯೆಲ್ಲ ನಾಚಿಕೆಯಾಯಿತು, ಆದರೂ ಫ್ಲಾಪಿಯನ್ನು ಕವರಿಗೆ ಹಾಕಿ ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡೆ.

ಸಂಜೆ ತುಮಕೂರು ರಸ್ತೆಯ ಬಸ್ ಸ್ಟಾಪಿನಲ್ಲಿ ಅವನು ನನ್ನನ್ನು ಹುಡುಕಿಕೊಂಡು ಬಂದ. ಎಲ್ಲ ಗೊತ್ತಾಗಿರಬೇಕು, ಜಗಳಕ್ಕೇ ಬಂದಿದ್ದಾನೆ ಎಂದು ಎರಡು ಹೆಜ್ಜೆ ಹಿಂದೆ ಸರಿದೆ.

"ಸಾರ್, ನಿಮ್ಮನ್ನ ಕೇಳಿ ತಿದ್ದಬೇಕಿತ್ತು. ಹೇಳಿದ್ರೆ ನಿಮಗೆ ಬೇಜಾರಾಗತ್ತೇನೋ ಅಂತ ಸುಮ್ನಿದ್ದೆ. ತಪ್ಪಾಯ್ತು, ಮನಸ್ಸಲ್ಲಿ ಇಟ್ಕೋಬೇಡಿ."

"ಹೋಗ್ಲಿ ಬಿಡಿ," ಅಂದೆ. ನಾನು ಅವನನ್ನು ಕ್ಷಮಿಸಿಬಿಟ್ಟೆ.